ಪರದೆಯ ದೂರಕ್ಕೊಂದು ಕನ್ನಡಕ

ಉತಾರದ, ಅಂದರೆ ಪಹಣಿಯ, ಒಂದು ಸಾಲು: ಸರ್ವೆ ನಂಬರು 47, ಹಿಸ್ಸಾ 3. ಕಂಪ್ಯೂಟರಿನ ಮುಂದೆ ಕೂತವರ ಕಣ್ಣಿಗೆ ಆ 3ರ ಎಡಬದಿಯ ತೆರಪು ತುಸು ಮಸುಕಾದರೆ ಸಾಕು, ಅದು 8ರಂತೆ ಕಾಣುತ್ತದೆ. ಸಂಶಯ ಬಂದವರು ಮುಂದಕ್ಕೆ ಬಾಗುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಇನ್ನೊಮ್ಮೆ ಓದುತ್ತಾರೆ. ಸಂಶಯ ಬಾರದವರು ತಪ್ಪು ಅಂಕಿಯನ್ನೇ ಒತ್ತಿ ಮುಂದಿನ ಸಾಲಿಗೆ ಹೋಗುತ್ತಾರೆ. ಒಂದು ಕಡೆ ಹೊತ್ತು ಹಾಳು, ಇನ್ನೊಂದು ಕಡೆ ರೈತನ ಬೆಳೆಸಾಲದ ಕಾಗದ ತಿರುಗಿ ಬರುವ ಭಯ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ನಾಡಿಗೆ ಪರಿಚಯವಾದದ್ದು ತನ್ನ ಬ್ಯಾರೇಜಿನಿಂದ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಶ್ರಮಬಿಂದು ಸಾಗರ ಅದು. ನೀರಿನ ಹಿಂದೆ ಕಬ್ಬು ಹೆಚ್ಚಿತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ‘ಭೂಮಿ’ ಯೋಜನೆಯಿಂದ ಉತಾರ ಕಂಪ್ಯೂಟರಿಗೇರಿತು. ಹೀಗಾಗಿ ಐಟಿ ಪಾರ್ಕಿನ ಹೆಸರೂ ಇಲ್ಲದ ಈ ಸೀಮೆಯಲ್ಲಿ ದಿನವಿಡೀ ಪರದೆ ನೋಡುವವರು ಕಡಿಮೆಯೇನಲ್ಲ. ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರು, ಗ್ರಾಮ ಒನ್ ಕೇಂದ್ರದವರು, ಸೊಸೈಟಿಯ ಗುಮಾಸ್ತರು, ಕಬ್ಬಿನ ಗಾಡಿಯ ತೂಕ ಬರೆದುಕೊಳ್ಳುವವರು ಎಲ್ಲರದೂ ಕಣ್ಣಿನ ಕೆಲಸ. ಕಣ್ಣು ತೋರಿಸಿಕೊಂಡಿದ್ದೀರಾ ಎಂದು ಕೇಳಿದರೆ ಬರುವ ಉತ್ತರ ಮಾತ್ರ ಒಂದೇ ತೆರನದು: “ನನಗೆಲ್ಲಾ ಚಲೋ ಕಾಣಸ್ತೈತಿ, ಚಸ್ಮಾ ಯಾಕ?”

ಚಲೋ ಕಾಣುವುದಕ್ಕೂ ಸರಿಯಾಗಿ ಕಾಣುವುದಕ್ಕೂ ನಡುವಿನ ಅಂತರವನ್ನು ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ದೃಷ್ಟಿತಜ್ಞರು ಅಳೆದು ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 19ರಿಂದ 30 ವರ್ಷದವರು. ಅವರಿಗೆ ಒಮ್ಮೆ ಸರಿಯಾದ ಗಾಜು, ಇನ್ನೊಮ್ಮೆ ಬೇಕೆಂದೇ ನಂಬರು ತಪ್ಪಿಸಿದ ಗಾಜು. ಯಾವುದು ಯಾವುದೆಂದು ಹಾಕಿಕೊಂಡವರಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. ಕೊಟ್ಟ ಕೆಲಸ ಕಚೇರಿಯದೇ: ಪಟ್ಟಿಯಲ್ಲಿ ಊರಿನ ಹೆಸರು, ಜನಸಂಖ್ಯೆ ಹುಡುಕುವುದು, ಅರ್ಥವಿಲ್ಲದ ಪದಗಳನ್ನು ಗುರುತಿಸುವುದು, ಬರಹ ತಿದ್ದುವುದು. ಗಾಜಿನ ಸಿಲಿಂಡರ್ ನಂಬರು ತಪ್ಪಿದಾಗ ಕೆಲಸ ಮುಗಿಸುವ ವೇಗಕ್ಕೆ ಬಿದ್ದ ಪೆಟ್ಟು ಕನಿಷ್ಠ ಶೇ. 2.5, ತಪ್ಪು 2 ಡಯಾಪ್ಟರ್ (ಗಾಜಿನ ಶಕ್ತಿಯ ಅಳತೆ) ಆದಾಗ ಅದು ಶೇ. 28.7ರವರೆಗೂ ಏರಿತು.

ಈ ಸಿಲಿಂಡರ್ ಎಂದರೇನು? ಕಣ್ಣಿನ ಚೀಟಿಯಲ್ಲಿ ಸ್ಫಿಯರ್, ಸಿಲಿಂಡರ್, ಆಕ್ಸಿಸ್ ಎಂಬ ಮೂರು ಕಾಲಂ ಇರುತ್ತವೆ. ಎರಡನೆಯದೂ ಮೂರನೆಯದೂ ಅಸ್ಟಿಗ್ಮಾಟಿಸಂಗೆ ಸಂಬಂಧಿಸಿದವು. ಕಣ್ಣಿನ ಮುಂಭಾಗದ ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರಬೇಕು. ಅದು ಚಮಚದ ಬೆನ್ನಿನಂತೆ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಾಗಿದ್ದರೆ ಬೆಳಕು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಆಗ ಅಡ್ಡಗೆರೆ ನಿಚ್ಚಳವಾಗಿ, ಉದ್ದಗೆರೆ ಹರಡಿದಂತೆ ಕಾಣಬಹುದು, ಇಲ್ಲವೇ ಇದರ ತಿರುವುಮುರುವು. ಕನ್ನಡದ ಓದುಗರಿಗೆ ಇದರ ಪೆಟ್ಟು ಬೀಳುವುದು ಸಣ್ಣ ಗುರುತುಗಳಲ್ಲಿ: ಷ ಅಕ್ಷರದ ಹೊಟ್ಟೆಯೊಳಗಿನ ಗೀಟು, ಮ ಅಕ್ಷರದ ಬಾಲ, ಸಾಲಿನ ಕೆಳಗೆ ಇಳಿಬಿದ್ದ ಒತ್ತು. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1825ರ ಸುಮಾರಿಗೆ ತನ್ನ ಕಣ್ಣಿನ ಇದೇ ದೋಷಕ್ಕೆ ಒಂದೇ ದಿಕ್ಕಿನಲ್ಲಿ ಬಾಗಿದ ಗಾಜನ್ನು ಮಾಡಿಸಿಕೊಂಡ. ಇಂದಿನ ಸಿಲಿಂಡರ್ ಗಾಜು ಅದರದೇ ಸಂತತಿ. ಆಕ್ಸಿಸ್ ಎಂದರೆ ಆ ಗಾಜನ್ನು ಯಾವ ಕೋನದಲ್ಲಿ ಕೂರಿಸಬೇಕು ಎಂಬ ಲೆಕ್ಕ.

ಸಂತೆಯಲ್ಲಿ ಸಿಗುವ ರೆಡಿಮೇಡ್ ಕನ್ನಡಕದಲ್ಲಿ ಸಿಲಿಂಡರ್ ಇರುವುದಿಲ್ಲ. ಎರಡೂ ಕಣ್ಣಿಗೆ ಒಂದೇ ನಂಬರು, ಎರಡು ಗಾಜುಗಳ ನಡುವಿನ ಅಂತರವೂ ಸಿದ್ಧ ಅಳತೆ. 2 ಡಯಾಪ್ಟರ್ ಗಾಜಿನ ನಡುಬಿಂದು ಕಣ್ಣಪಾಪೆಯಿಂದ 5 ಮಿಲಿಮೀಟರ್ ಸರಿದಿದ್ದರೆ ಬೆಳಕು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಬಾಗುತ್ತದೆ. ಅದನ್ನು ಸರಿದೂಗಿಸುವ ಹೊರೆ ಕಣ್ಣಿನ ಸ್ನಾಯುಗಳದು. ಸಂಜೆಗೆ ಹಣೆ ಹಿಡಿದುಕೊಳ್ಳಲು ಇದೂ ಒಂದು ಕಾರಣವಾಗಬಹುದು.

ನಲವತ್ತು ದಾಟಿದವರ ತೊಂದರೆ ದೂರದ ಅಳತೆಯದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗಿ, ಹತ್ತಿರದ್ದಕ್ಕೆ ತಕ್ಕಂತೆ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಚಾಳೀಸು ಬರುತ್ತದೆ. ಆದರೆ ಚಾಳೀಸಿನ ನಂಬರು ಕೊಡುವುದು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರದ ಪುಸ್ತಕವನ್ನು ಲೆಕ್ಕಕ್ಕಿಟ್ಟುಕೊಂಡು. ಮಸೂರದ ಶಕ್ತಿ ಪೂರಾ ಹೋದವರಿಗೆ ಅಲ್ಲಿಗೆ 2.5 ಡಯಾಪ್ಟರ್ ಬೇಕು. 65 ಸೆಂಟಿಮೀಟರ್ ದೂರದ ಪರದೆಗೆ ಸುಮಾರು 1.5 ಸಾಕು. ಓದುವ ಕನ್ನಡಕದಲ್ಲೇ ಪರದೆ ನೋಡುವವರು 25 ಸೆಂಟಿಮೀಟರ್ ಮುಂದಕ್ಕೆ ಬಾಗಿ ಬೆನ್ನು ನೋಯಿಸಿಕೊಳ್ಳುತ್ತಾರೆ. ಬೈಫೋಕಲ್ ಹಾಕಿದವರು ಕೆಳಗಿನ ಅರ್ಧಗಾಜಿನಿಂದ ನೋಡಲು ಗದ್ದ ಮೇಲೆತ್ತಿ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ದೂಷಿಸುವುದು ಮಾತ್ರ ಕುರ್ಚಿಯನ್ನು.

ಸರಿಯಾದ ಕನ್ನಡಕದ ಫಲ ಪರದೆಯ ಕೆಲಸಕ್ಕಷ್ಟೇ ಸೀಮಿತವಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ವರ್ಷ ದಾಟಿದ 751 ಕಾರ್ಮಿಕರ ಮೇಲೆ ನಡೆದ ಪ್ರಯೋಗ 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. ಹತ್ತಿರದ ನೋಟದ ಕನ್ನಡಕ ಪಡೆದವರ ಕೊಯ್ಲಿನ ಹೆಚ್ಚಳ, ಪಡೆಯದವರಿಗಿಂತ ಶೇ. 22ರ ಹತ್ತಿರ ಅಧಿಕವಾಗಿತ್ತು. ಐವತ್ತು ದಾಟಿದವರಲ್ಲಿ ಶೇ. 32ರ ಹತ್ತಿರ. ಮಗ್ಗದಲ್ಲಿ ಕಡಿದ ಎಳೆ ಹುಡುಕಿ ಗಂಟು ಹಾಕುವ ರಬಕವಿ–ಬನಹಟ್ಟಿಯ ನೇಕಾರರಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕಣ್ಣುರಿಗೆಲ್ಲ ಕನ್ನಡಕವೇ ಮದ್ದಲ್ಲ, ನಿಜ. ಆರಾಮವಾಗಿ ಕೂತಾಗ ನಿಮಿಷಕ್ಕೆ 22 ಸಲ ಬಡಿಯುತ್ತಿದ್ದ ರೆಪ್ಪೆ ಪರದೆಯ ಮುಂದೆ 7 ಸಲಕ್ಕಿಳಿದದ್ದನ್ನು ಜಪಾನಿನ ಸಂಶೋಧಕರು 1993ರಲ್ಲೇ ದಾಖಲಿಸಿದ್ದಾರೆ. ಹಾಗೆ ಒಣಗಿದ ಕಣ್ಣಿಗೆ ಬೇಕಾದದ್ದು ಬಿಡುವು. ಹೆಚ್ಚು ದುಡ್ಡು ಕೊಟ್ಟು ಹಾಕಿಸುವ ‘ಬ್ಲೂ ಕಟ್’ ಗಾಜಿನ ವಿಷಯದಲ್ಲಿ, 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕೊಕ್ರೇನ್ ವರದಿಗೆ ಸಾಮಾನ್ಯ ಗಾಜಿಗಿಂತ ಅದು ಕಣ್ಣಿನ ದಣಿವನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಆಧಾರ ಕಾಣಲಿಲ್ಲ. ಆ ದುಡ್ಡನ್ನು ಸರಿಯಾದ ಪರೀಕ್ಷೆಗೆ ಹಾಕುವುದು ಮೇಲು.

ಪರೀಕ್ಷೆ ಜನರಿದ್ದಲ್ಲಿಗೇ ಬರಬೇಕು ಎಂಬುದಕ್ಕೆ ಈ ಮಣ್ಣಿನಲ್ಲೇ ಮೇಲ್ಪಂಕ್ತಿಯಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1940ರ ದಶಕದಿಂದ ಊರೂರಿಗೆ ನೇತ್ರ ಶಿಬಿರ ಒಯ್ದು ಆರು ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆ ಮಾಡಿದರು. ಪೊರೆ ತೆಗೆಯುವುದನ್ನೇ ಹಳ್ಳಿಗೆ ತರಲು ಆದೀತೆಂದರೆ, ನಂಬರು ನೋಡುವುದು ಅದಕ್ಕಿಂತ ಎಷ್ಟೋ ಹಗುರ. ಐರೋಪ್ಯ ಸಮುದಾಯ 1990ರಲ್ಲೇ ಪರದೆಯ ಮುಂದೆ ದುಡಿಯುವವರಿಗೆ ಕಣ್ಣಿನ ಪರೀಕ್ಷೆಯ ಹಕ್ಕು ಕೊಟ್ಟಿತು. ಆ ಕೆಲಸಕ್ಕೇ ಬೇರೆ ಕನ್ನಡಕ ಬೇಕಾದರೆ ಅದರ ಖರ್ಚು ನೌಕರನ ಮೇಲೆ ಬೀಳಬಾರದೆಂದು ವಿಧಿಸಿತು.

ಇಲ್ಲಿನ ಲೆಕ್ಕವೂ ಸರಳ. ತಿಂಗಳಿಗೆ 15,000 ರೂಪಾಯಿ ಪಡೆಯುವ ಆಪರೇಟರ ಕೆಲಸದಲ್ಲಿ ಕನಿಷ್ಠ ಅಂದಾಜಿನ ಶೇ. 2.5ರಷ್ಟು ಸೋರಿದರೂ ವರ್ಷಕ್ಕೆ 4,500 ರೂಪಾಯಿ ಹೋಯಿತು. ಕಬ್ಬು ತೂಗುವ ಯಂತ್ರಕ್ಕೆ ವರ್ಷಕ್ಕೊಮ್ಮೆ ತಪಾಸಣೆ, ಮುದ್ರೆ ಕಡ್ಡಾಯ. ಹಂಗಾಮಿಗೆ ಮುಂಚೆ ಅದೇ ಕಾರ್ಖಾನೆಯವರು ತೂಕ ಬರೆಯುವವರ ಕಣ್ಣನ್ನೂ ತೋರಿಸಬಹುದು, ಪಂಚಾಯಿತಿಗಳೂ ತಮ್ಮ ಸಿಬ್ಬಂದಿಗೆ ಇದನ್ನು ಮಾಡಬಹುದು. ಪರೀಕ್ಷೆಗೆ ಹೊರಡುವವರು ಒಂದು ಅಳತೆ ಬರೆದುಕೊಂಡು ಹೋಗಲಿ: ಎಂದಿನಂತೆ ಕುರ್ಚಿಗೆ ಒರಗಿ ಕೂತಾಗ ಕಣ್ಣಿನಿಂದ ಪರದೆಗೆ ಎಷ್ಟು ಸೆಂಟಿಮೀಟರ್ ಎಂದು. ಆ ದೂರಕ್ಕೇ ಅಕ್ಷರದ ಹಲಗೆ ಹಿಡಿದು ನಂಬರು ನೋಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.