ಟಿಬೆಟಿನ ಬಿಡಾರದಿಂದ ಮಲೆನಾಡಿನ ಸಂಘದವರೆಗೆ

ಮೂಡಿಗೆರೆ, ಕಳಸದ ಕಾಫಿ ಸೀಮೆಯ ಊರುಗಳಲ್ಲಿ ವಾರಕ್ಕೊಮ್ಮೆ ಸಭೆ ಸೇರುವ ಹೆಂಗಸರ ಸಂಘಗಳು ಈಗ ಹೊಸತೇನಲ್ಲ. ತೋಟದ ಕೂಲಿಯಲ್ಲಿ ಉಳಿಸಿದ ಹಣ ಹತ್ತಾರು ಕೈಗಳಿಂದ ಒಟ್ಟುಗೂಡಿ, ಮಗಳ ಮದುವೆಗೋ ಮನೆಯ ಹೆಂಚಿಗೋ ಸಾಲವಾಗಿ ಹೊರಡುತ್ತದೆ. ಇಂಥ ಸ್ವಸಹಾಯ ಸಂಘಗಳಿಗೆ ಬೇರುಗಳು ಹಲವು. ಅವುಗಳಲ್ಲೊಂದು ಟಿಬೆಟಿನ ನಿರಾಶ್ರಿತರ ಕಥೆಯೊಂದಿಗೆ ಹೆಣೆದುಕೊಂಡಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು.

1950ರಲ್ಲಿ ಚೀನಾದ ಸೈನ್ಯ ಟಿಬೆಟನ್ನು ಹೊಕ್ಕಿತು. 1959ರ ಮಾರ್ಚ್‌ನಲ್ಲಿ ಲಾಸಾದ ದಂಗೆಯನ್ನು ಹತ್ತಿಕ್ಕಿದಾಗ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿದರು. ಅಸ್ಸಾಮಿನ ಮಿಸಮಾರಿ, ಬಂಗಾಳದ ಬಕ್ಸಾ ಶಿಬಿರಗಳ ಸೆಕೆ ಮತ್ತು ರೋಗಗಳು ಶೀತಪ್ರದೇಶದ ಈ ಜನರನ್ನು ಕಂಗೆಡಿಸಿದವು. ಹಲವರು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದರು.

ಅವರನ್ನು ನೆಲೆಗೊಳಿಸಲು ಕೇಂದ್ರವು ರಾಜ್ಯಗಳ ನೆರವು ಕೋರಿದಾಗ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತು. ತಲೆಗೊಂದು ಎಕರೆಯ ಲೆಕ್ಕ. 1960ರ ಕೊನೆಯಲ್ಲಿ ಮೊದಲ ತಂಡ ಬಂತು. ಬಾರ್ಲಿ ಬೆಳೆದು, ಯಾಕ್ ಸಾಕಿ ಬದುಕಿದ್ದವರು ಮರ ಕಡಿದು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳದ ಬೇಸಾಯ ಕಲಿಯಬೇಕಾಯಿತು. ಸ್ವಿಟ್ಜರ್ಲೆಂಡಿನಂಥ ದೇಶಗಳ ನೆರವೂ ಒದಗಿತು. ಮುಂದೆ 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯ ಎರಡನೆಯ ನೆಲೆ, ಬಳಿಕ ಹುಣಸೂರು ಮತ್ತು ಕೊಳ್ಳೇಗಾಲದ ನೆಲೆಗಳು ತಲೆಯೆತ್ತಿದವು.

ಈ ಕಾರ್ಯದಲ್ಲಿ ಸರ್ಕಾರಕ್ಕೆ ನೆರವಾಗಲೆಂದೇ 1968ರಲ್ಲಿ ವಿಲಿಯಂ ಡೇವಿನ್ಸನ್ ಅವರು ‘ಮೈರಾಡ’ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಸ್ಥಾಪಿಸಿದರು. ಹತ್ತು ವರ್ಷಗಳಲ್ಲಿ ಸುಮಾರು 15,000 ಟಿಬೆಟನ್ನರ ಪುನರ್ವಸತಿಗೆ ಅದು ಕೈಜೋಡಿಸಿತು. ಆದರೆ ಒಕ್ಕಲಾದವರ ಬೇಲಿಯಾಚೆ ಇದ್ದ ಹಳ್ಳಿಗಳಲ್ಲೂ ಬಡತನವಿತ್ತು. ದೂರದಿಂದ ಬಂದವರಿಗೆ ಸಿಕ್ಕ ಆಸರೆ ಇದ್ದ ಊರಲ್ಲೇ ನಿರ್ಗತಿಕರಾದವರಿಗೆ ಬೇಡವೇ? 1970ರ ದಶಕದ ಕೊನೆಯಿಂದ ಸಂಸ್ಥೆ ಈ ಹಳ್ಳಿಗಳ ಬಡವರತ್ತ ತಿರುಗಿತು.

ಅಲ್ಲಿ ಮೊದಲು ಕಟ್ಟಿದ ದೊಡ್ಡ ಸಹಕಾರ ಸಂಘಗಳು ನಿಲ್ಲಲಿಲ್ಲ. ಮುಖಂಡರ ಮೇಲೆ ನಂಬಿಕೆ ಕಳೆದುಕೊಂಡ ಸದಸ್ಯರು 1984–85ರ ಸುಮಾರಿಗೆ, ಸಾಲವನ್ನು ಸಂಘಕ್ಕಲ್ಲ, ಮೈರಾಡಕ್ಕೇ ತೀರಿಸುತ್ತೇವೆಂದರು. ನಿಮ್ಮನಿಮ್ಮಲ್ಲೇ ತೀರಿಸಿಕೊಳ್ಳಿ ಎಂಬ ಉತ್ತರ ಬಂತು. ಪರಸ್ಪರ ನಂಬುವವರೇ ಕೂಡಿದ ಚಿಕ್ಕ ಗುಂಪುಗಳು ಹೀಗೆ ಹುಟ್ಟಿದವು. 1987ರಲ್ಲಿ ನಬಾರ್ಡ್ ಇವಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆಯನ್ನು ದೇಶದಲ್ಲಿ ಆರಂಭಿಸಿತು. ಆಸ್ತಿಯ ಅಡಮಾನವಿಲ್ಲದವರಿಗೂ ಗುಂಪಿನ ಹೊಣೆಯ ಮೇಲೆ ಸಾಲ ಸಿಗುವಂತಾಯಿತು.

ಯುದ್ಧದಿಂದ ನೆಲೆ ತಪ್ಪಿದವರಿಗೆ ಅನ್ನ, ಬಟ್ಟೆ ಮೊದಲ ದಿನದ ಅಗತ್ಯ. ಅನಂತರ ಬೇಕಾದುದು ನೆಲ ಮತ್ತು ಒಗ್ಗಟ್ಟು. ಬೈಲಕುಪ್ಪೆಯಲ್ಲಿ ಹುಟ್ಟಿ ಕನ್ನಡ ಬಲ್ಲ ಟಿಬೆಟನ್ನರಿಗೆ ಆ ನೆಲವೂ ಇಂದಿಗೆ ಗುತ್ತಿಗೆಯದೇ. 2014ರ ಪುನರ್ವಸತಿ ನೀತಿ ಅದರ ಅವಧಿಯನ್ನು 20 ವರ್ಷವೆಂದು ಹೇಳಿತು. ನೆರವು ಎಷ್ಟೇ ಒದಗಿದರೂ ಸ್ವದೇಶಕ್ಕೆ ಮರಳುವ ದಾರಿಯನ್ನು ತೆರೆಯುವುದು ಸ್ವಯಂಸೇವಕರ ಕೈಯಲ್ಲಿಲ್ಲ. ಆದರೆ ಅವರ ಸೇವೆಗಾಗಿ ಹುಟ್ಟಿದ ಸಂಸ್ಥೆ ಕಲಿತ ಪಾಠ, ಅವರನ್ನು ಕಂಡೇ ಇರದ ಹೆಂಗಸರ ಸಂಘದ ಲೆಕ್ಕದ ಪುಸ್ತಕದವರೆಗೂ ಬಂದು ಸೇರಿದೆ.