ಬಳ್ಳೊಳ್ಳಿ ಎಲ್ಲಿ ಹೋತು?



ಇಟಗಿಯ ಆಡುಮಾತಿನ ಪದಗಳನ್ನು ಕೂಡಿಸಿ ಸಣ್ಣ ಪದಕೋಶ ಮಾಡಲು ನಾವು ಕೆಲವರು ಹೊರಟಿದ್ದು ನಿಮಗೆ ಗೊತ್ತೇ ಐತಿ. ಚೀಟಿ ಬರೆದು ಹೊಂದಿಸುತ್ತ ಕೂತರೆ ತಿಂಗಳು ಹಿಡಿದೀತೆಂದು ಪದಗಳನ್ನು ಕಂಪ್ಯೂಟರಿಗೆ ಹಾಕಿ, ಪೈಥಾನ್ ಭಾಷೆಯಲ್ಲಿ ‘ಸಾರ್ಟ್’ ಎಂದೆವು. ಕಣ್ಣು ಮುಚ್ಚಿ ತೆಗೆಯೋದ್ರಾಗ ಜೋಡಿಸಿಬಿಟ್ಟಿತು.

ಸಂಜೆ ನಮ್ಮಜ್ಜಿ, “ನಾ ಹೇಳಿದ ಬಳ್ಳೊಳ್ಳಿ ಹಾಕೀಯೇನ?” ಎಂದಳು. (ಪುಸ್ತಕದಾಗ ಬೆಳ್ಳುಳ್ಳಿ ಅಂತ ಇರತೈತಲ್ಲ, ಅದು.) ಬಸಿ, ಬಹಳ ಆದ ಮೇಲೆ ಇರಬೇಕೆಂದು ಅಲ್ಲಿ ನೋಡಿದೆ. ಇಲ್ಲ! ಟೈಪು ಮಾಡಿದ ಗೆಳತಿಯ ಮ್ಯಾಲೆ ಹರಿಹಾಯ್ದೆ. ಎರಡು ದಿನ ಮಾತು ಬಂದ್. ಬಿಟ್ಟುಹೋಗಿವೆ ಎಂದುಕೊಂಡು ಅಂಥ ಐದಾರು ಪದಗಳನ್ನು ಪೆನ್ಸಿಲಿನಿಂದ ಮತ್ತೆ ಬರೆದೆ. ಆಮೇಲೆ ನೋಡಿದರೆ ಬಳ್ಳೊಳ್ಳಿ ಬಲಗೈ, ಬವಣಿ ಇವುಗಳ ನಡುವೆ ಆರಾಮ ಕುಂತಿತ್ತು.

ಹೀಗೇಕೆ? ಕಂಪ್ಯೂಟರಿಗೆ ಅಕ್ಷರ ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಐತಿ. ಅ ಎಂದರೆ 3205. ನಾವು ಒಂದನೆತ್ತೆಯಲ್ಲಿ ಕಲಿತದ್ದು ‘ಯ ರ ಲ ವ ಶ ಷ ಸ ಹ ಳ’. ಆದರೆ ಪಟ್ಟಿಯಲ್ಲಿ ಲ 3250, ಳ 3251, ವ 3253, ಹ 3257. ಕಡೇ ಬೆಂಚಿನ ಳಕಾರವನ್ನು ಎಬ್ಬಿಸಿ ಲಕಾರದ ಬಾಜೂಕ ಕೂಡಿಸಿದ್ದಾರೆ. ಬರೀ ಸಾರ್ಟ್ ಎಂದರೆ ಪೈಥಾನ್ ಈ ಸಂಖ್ಯೆಯನ್ನಷ್ಟೇ ನೋಡುತ್ತದೆ.

ಕೂಡಿಸಿದವರಿಗೂ ಕಾರಣವಿತ್ತು. 1988ರ ಇಸ್ಕಿ ಎಂಬ ಭಾರತೀಯ ಪಟ್ಟಿಯಲ್ಲಿ ಎಲ್ಲಾ ಲಿಪಿಗಳಿಗೂ ಒಂದೇ ಸಾಲು ಹಾಕಿದ್ದರು. 1991ರಲ್ಲಿ ಬಂದ ಯೂನಿಕೋಡ್ ಅದನ್ನೇ ಅನುಸರಿಸಿತು. ಅದಕ್ಕೇ ತೆಲುಗಿನ ಳಕಾರದ 3123ಕ್ಕೆ 128 ಕೂಡಿಸಿದರೆ ಕನ್ನಡದ ಳ ಸಿಗುತ್ತದೆ. ಲಿಪಿ ಬದಲಿಸಲು ಬಹಳ ಅನುಕೂಲ, ಪದಕೋಶಕ್ಕೆ ಮಾತ್ರ ತ್ರಾಸು.

ಇನ್ನೊಂದು ಮಜಾ ಕೇಳಿರಿ. ನಮ್ಮ ಮಹಾದೇವ ಗುಡಿ ಕಟ್ಟಿದ್ದು 1112ರಲ್ಲಿ. ಅದಕ್ಕೂ ಹಿಂದಿನ ಕನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಅದಕ್ಕೆ ಸಿಕ್ಕಿದ್ದು ದೂರದ 3294. ಇಂಗ್ಲಿಷಿನಲ್ಲಿ ಇಟ್ಟ ಹೆಸರೂ ತಪ್ಪಿ ‘ಫಾ’ ಆಗಿದೆ! ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬುದು ಅವರ ನಿಯಮ. ಸಾಲಿಗೆ ಹಚ್ಚುವಾಗ ತಪ್ಪು ಬರೆಸಿದ ಹೆಸರಿನಂಗ, ಕಡೀತನಕ ಅದೇ.

ವಿಂಗಡಣೆಗೆ ಯೂನಿಕೋಡಿನವರೇ ಬೇರೆ ನಿಯಮ ಬರೆದಿದ್ದಾರೆ, ಭಾಷೆಗೊಂದು ಪಟ್ಟಿಯೂ ಐತಿ. ನಾವು ಮಾಡಿದ್ದು ಹಳ್ಳಿ ಉಪಾಯ. ಹ 3257, ಕಾಗುಣಿತದ ದೀರ್ಘ (ಾ) 3262. ನಡುವಿನ 3258 ಖಾಲಿ ಜಾಗ, ಅಲ್ಲಿ ಯಾವ ಅಕ್ಷರವೂ ಇಲ್ಲ. ಹೋಲಿಸುವಾಗ ಮಾತ್ರ ಳ ಎಂದರೆ 3258 ಎಂದು ತಿಳಿ ಎಂದೆವು. ಪದ ಇದ್ದಂತೆಯೇ ಉಳಿಯಿತು, ಜಾಗ ಸರಿಹೋಯಿತು: ಬಲಗೈ, ಬವಣಿ, ಬಸಿ, ಬಹಳ, ಬಳ್ಳೊಳ್ಳಿ, ಆಮೇಲೆ ಬಾವಿ.

ಹೊಸ ಪ್ರತಿಯನ್ನು ಮೊದಲು ಗೆಳತಿಗೇ ಕೊಟ್ಟೆ. “ಈಗರ ಕಣ್ಣು ಕಂಡ್ವೇನು?” ಎಂದು ನಕ್ಕಳು. ಹಳೆಯ ಪ್ರತಿಗಳು ಯಾರ ಹತ್ತಿರ ಇದ್ದರೂ ತಂದುಕೊಡಿರಿ. ನಾನು ಪೆನ್ಸಿಲಿನಿಂದ ಎರಡೆರಡು ಸಲ ಬರೆದದ್ದನ್ನು ಅಳಿಸಬೇಕಾಗಿದೆ.