ತೊಟ್ಟಿಯ ಮಟ್ಟ ತಪ್ಪಾಗಿ ಕಂಡಾಗ: ಭೂಸಂಪರ್ಕವಿಲ್ಲದ ವಿದ್ಯುತ್ ಸಂಕೇತಗಳ ಅಳತೆ

ಕುಡಿಯುವ ನೀರಿನ ಮೇಲ್ಮಟ್ಟದ ತೊಟ್ಟಿಗಳಿಗೆ ನೀರಿನ ಮಟ್ಟ ತಿಳಿಸುವ ಸೆನ್ಸರ್ ಅಳವಡಿಸುವ ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿಗಳು ಕೈಗೊಳ್ಳುತ್ತಿವೆ. ತೊಟ್ಟಿ ತುಂಬಿದ್ದರೂ ಪಂಪ್‌ಹೌಸ್‌ನ ಫಲಕವು ಅರ್ಧವೆಂದು ತೋರಿದರೆ ನೀರು ಹೊರಚೆಲ್ಲುತ್ತದೆ. ಬರಿದಾಗಿದ್ದರೂ ತುಂಬಿದೆಯೆಂದು ತೋರಿದರೆ ಕೊನೆಯ ಬೀದಿಗೆ ನೀರು ತಲುಪದು. ದೂರು ಮಾತ್ರ ನೀರುಗಂಟಿಯ ಮೇಲೆ ಬರುತ್ತದೆ. ಆಗ ಸೆನ್ಸರನ್ನೇ ಬದಲಿಸುವ ಅಂದಾಜುಪಟ್ಟಿ ಸಭೆಯ ಮುಂದೆ ಬರುವುದುಂಟು. ಆದರೆ ಸೆನ್ಸರ್ ಸುಸ್ಥಿತಿಯಲ್ಲಿದ್ದು, ಅದರ ಸಂಕೇತವನ್ನು ಅಳೆಯುವ ಕ್ರಮವಷ್ಟೇ ತಪ್ಪಾಗಿರಲು ಸಾಧ್ಯವಿದೆ.

ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಚರಂಡಿ ಕಾಮಗಾರಿಗೆ ಮಟ್ಟ ತೆಗೆಯುವಾಗ ಎರಡೂ ಅಳತೆಗೋಲುಗಳು ದೂರದರ್ಶಕದ ನೋಟದೊಳಗಿದ್ದರೆ ಮಾತ್ರ ಏರಿಳಿತ ತಿಳಿಯುತ್ತದೆ. ಸೆನ್ಸರಿನ ಎರಡು ತಂತಿಗಳಲ್ಲಿ ಯಾವುದೂ ಭೂಮಿಗಾಗಲೀ ಫಲಕದ ಶೂನ್ಯಬಿಂದುವಿಗಾಗಲೀ ಸೇರಿರದಿದ್ದರೆ ಅದು ತೇಲುವ ಮೂಲ. ಫಲಕದ ಅಳತೆ ಭಾಗದಲ್ಲಿ ಹರಿಯುವ ಅತಿ ಸಣ್ಣ ಪ್ರವಾಹಕ್ಕೆ ಆಗ ಹಿಂದಿರುಗುವ ದಾರಿ ಇರುವುದಿಲ್ಲ. ಎರಡೂ ತಂತಿಗಳ ವೋಲ್ಟೇಜ್ ಒಟ್ಟಾಗಿ ಸರಿಯುತ್ತಾ ಫಲಕದ ಅಳತೆಯ ಮಿತಿಯನ್ನು ದಾಟುತ್ತದೆ. ಅಂಕಿ ಒಂದೇ ಕಡೆ ನಿಲ್ಲುತ್ತದೆ, ಇಲ್ಲವೇ ಓಲಾಡುತ್ತದೆ.

ಪರಿಹಾರ ಕೆಲವೇ ರೂಪಾಯಿಗಳದು. ಸೆನ್ಸರಿನ ಋಣ ತಂತಿಯಿಂದ ಫಲಕದ ಶೂನ್ಯಬಿಂದುವಿಗೆ 10 ಸಾವಿರದಿಂದ 1 ಲಕ್ಷ ಓಮ್‌ಗಳ ನಡುವಿನ ಒಂದು ರೋಧಕವನ್ನು ಜೋಡಿಸಿದರೆ ಸಾಮಾನ್ಯವಾಗಿ ಸಾಕು. ಸೆನ್ಸರಿಗೆ ಈಗಾಗಲೇ ತೊಟ್ಟಿಯ ಬಳಿ ಭೂಸಂಪರ್ಕವಿದ್ದರೆ ಅದನ್ನು ಫಲಕದಲ್ಲಿ ಮತ್ತೊಮ್ಮೆ ನೇರವಾಗಿ ಭೂಮಿಗೆ ಸೇರಿಸಬಾರದು. ಎರಡು ಕಡೆಯ ಭೂಮಿಯ ವೋಲ್ಟೇಜ್ ಒಂದೇ ಆಗಿರುವುದಿಲ್ಲವಾದ್ದರಿಂದ ಸಂಕೇತದ ತಂತಿಯಲ್ಲೇ ಅನಗತ್ಯ ಪ್ರವಾಹ ಹರಿದು, 50 ಹರ್ಟ್ಸ್‌ನ ಅಡಚಣೆ ಅಳತೆಯೊಳಗೆ ಸೇರುತ್ತದೆ.

ಸಂಕೇತವು ಪ್ರವಾಹದ ರೂಪದಲ್ಲಿದ್ದರೆ ಅನುಕೂಲ ಹೆಚ್ಚು. 4ರಿಂದ 20 ಮಿಲಿಆಂಪಿಯರ್ ಪದ್ಧತಿಯಲ್ಲಿ ಖಾಲಿ ತೊಟ್ಟಿಗೆ 4, ಅರ್ಧಕ್ಕೆ 12, ತುಂಬಿದ ತೊಟ್ಟಿಗೆ 20. ಇದು 250 ಓಮ್ ರೋಧಕದ ಮೂಲಕ ಹರಿದಾಗ ಅದರ ತುದಿಗಳ ನಡುವೆ ಕ್ರಮವಾಗಿ 1, 3 ಮತ್ತು 5 ವೋಲ್ಟ್ ದೊರೆಯುತ್ತದೆ. ತಂತಿ ಎಷ್ಟೇ ಉದ್ದವಿರಲಿ, ಸೆನ್ಸರಿಗೆ ಸಾಕಷ್ಟು ವೋಲ್ಟೇಜ್ ಸಿಗುವವರೆಗೆ ಪ್ರವಾಹ ಕುಂದದು. ತಂತಿ ಕಡಿದರೆ ಪ್ರವಾಹ 0 ಆಗುವುದರಿಂದ ಖಾಲಿ ತೊಟ್ಟಿಗೂ ದೋಷಕ್ಕೂ ವ್ಯತ್ಯಾಸ ತಿಳಿಯುತ್ತದೆ. 0ಯಿಂದ 10 ವೋಲ್ಟ್‌ನ ಸೆನ್ಸರಿನಲ್ಲಿ ಈ ಅನುಕೂಲವಿಲ್ಲ: ಕಡಿದ ತಂತಿಯೂ ಖಾಲಿ ತೊಟ್ಟಿಯಂತೆಯೇ ಕಂಡು, ಪಂಪು ಓಡುತ್ತಲೇ ಇರುತ್ತದೆ. ದೂರದ ತೊಟ್ಟಿಗಳಿಗೆ ಪ್ರವಾಹದ ಸೆನ್ಸರನ್ನೇ ಆಯ್ದುಕೊಳ್ಳುವುದು ಲೇಸು. ಆದರೆ ರೋಧಕದ ಒಂದು ತುದಿ ಫಲಕದ ಶೂನ್ಯಬಿಂದುವಿಗೆ ಸೇರಿರದಿದ್ದರೆ ಇಲ್ಲಿಯೂ ಅಂಕಿ ತೇಲಬಹುದು.

ಸೆನ್ಸರ್ ಬದಲಿಸುವ ಮುನ್ನ ಬ್ಯಾಟರಿಚಾಲಿತ ಮಲ್ಟಿಮೀಟರಿನಿಂದ ಪರೀಕ್ಷೆ ಮಾಡಿಸುವುದು ಸೂಕ್ತ. ಮಲ್ಟಿಮೀಟರಿಗೂ ಭೂಸಂಪರ್ಕವಿಲ್ಲದ ಕಾರಣ ತೇಲುವ ಸಂಕೇತವನ್ನೂ ಅದು ಸರಿಯಾಗಿ ಓದುತ್ತದೆ. ಅರ್ಧ ತುಂಬಿದ ತೊಟ್ಟಿಗೆ ರೋಧಕದ ತುದಿಗಳಲ್ಲಿ 3 ವೋಲ್ಟ್ ಕಂಡು, ಫಲಕ ಮಾತ್ರ ಬೇರೆ ಅಂಕಿ ತೋರಿದರೆ, ಹೊಸ ಸೆನ್ಸರಿನ ವೆಚ್ಚಕ್ಕೆ ಅನುಮೋದನೆ ನೀಡುವ ಅಗತ್ಯವಿಲ್ಲ. ಪಂಪಿನ ಫಲಕದೊಳಗೆ ಮೂರು ಫೇಸ್ ವಿದ್ಯುತ್ ಇರುವುದರಿಂದ ಪರೀಕ್ಷೆಯನ್ನು ಅರ್ಹ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು. ಅಡಚಣೆ ನಿವಾರಿಸುವ ನೆಪದಲ್ಲಿ ಪಂಪು ಅಥವಾ ಫಲಕದ ರಕ್ಷಣಾ ಅರ್ಥಿಂಗ್ ತಂತಿಯನ್ನು ಕಳಚಲು ಯಾರಿಗೂ ಅವಕಾಶ ಕೊಡಬಾರದು. ಅದು ಪ್ರಾಣ ಕಾಯುವ ತಂತಿ.

ಹೊಸ ಕಾಮಗಾರಿಗಳಲ್ಲಿ ತೊಟ್ಟಿ ಖಾಲಿ, ಅರ್ಧ ಮತ್ತು ಪೂರ್ಣವಿದ್ದಾಗ ಮಲ್ಟಿಮೀಟರ್ ಹಾಗೂ ಫಲಕ ತೋರಿದ ಅಂಕಿಗಳನ್ನು ಬಿಲ್ ಪಾವತಿಗೆ ಮುನ್ನ ಅಕ್ಕಪಕ್ಕದಲ್ಲಿ ಬರೆಸಿ ಕಡತದಲ್ಲಿ ಇಡುವಂತೆ ಸದಸ್ಯರು ಕೇಳಬಹುದು.